ಹಕ್ಕು ಒಬ್ಬರದು, ಆದೇಶ ಇನ್ನೊಬ್ಬರ ಕೈಯಲ್ಲಿ

ಸರ್ಕಾರದ ಆದೇಶವನ್ನು ಹೈಕೋರ್ಟಿನಲ್ಲಿ ಪ್ರಶ್ನಿಸುವ ರಿಟ್ ಅರ್ಜಿಯ ಕೊನೆಯಲ್ಲಿ ಪ್ರಾರ್ಥನೆ ಎಂಬ ಭಾಗವಿರುತ್ತದೆ. ಇಂಥ ಅಧಿಕಾರಿ, ಇಂಥ ದಿನಾಂಕದಂದು, ಇಂಥ ಸಂಖ್ಯೆಯಲ್ಲಿ ಹೊರಡಿಸಿದ, ಅನುಬಂಧ-ಎ ಆಗಿ ಲಗತ್ತಿಸಿರುವ ಆದೇಶವನ್ನು ರದ್ದುಪಡಿಸಬೇಕು ಎಂದು ಅಲ್ಲಿ ಬರೆಯಬೇಕು. ಕಳೆದ ವರ್ಷ ವಿಜಯನಗರದ ಕಕ್ಷಿದಾರರೊಬ್ಬರ ಕರಡು ಸಿದ್ಧಪಡಿಸುವಾಗ ನನ್ನ ಜೂನಿಯರ್ ಆ ಪುಟವನ್ನು ಮುಂದೆ ಹಿಡಿದು, ಅಧಿಕಾರಿ ಯಾರು, ದಿನಾಂಕ ಯಾವುದು, ಸಂಖ್ಯೆ ಎಷ್ಟು ಎಂದು ಕೇಳಿದರು. ಮೂರಕ್ಕೂ ಉತ್ತರವಿರಲಿಲ್ಲ. ರಾಜಕಾರಣಿಯೊಬ್ಬರ ಭಾಷಣವನ್ನು ವಿಮರ್ಶಿಸಿದ ಕಕ್ಷಿದಾರರ ವಿಡಿಯೊ ಭಾರತದಲ್ಲಿ ಕಾಣದಂತಾಗಿತ್ತು. ಅವರ ಕೈಯಲ್ಲಿದ್ದದ್ದು ಆ ವಿಡಿಯೊ ಇದ್ದ ಜಾಲತಾಣದ ಕಂಪನಿ ಕಳುಹಿಸಿದ ಎರಡು ಸಾಲಿನ ಇಮೇಲ್ ಮಾತ್ರ. ಕಾನೂನಿನ ಕೋರಿಕೆ ಬಂದಿದೆ, ಹೆಚ್ಚಿನ ವಿವರ ನೀಡಲಾಗದು ಎಂಬುದೇ ಅದರ ತಾತ್ಪರ್ಯ.

ಟಿವಿ ಚರ್ಚೆಗಳಲ್ಲಿ ಇಂಟರ್‌ನೆಟ್ ಸೆನ್ಸಾರ್‌ಶಿಪ್ ಎಂದರೆ ಯಾವ ಪಕ್ಷ ಯಾರ ಬಾಯಿ ಮುಚ್ಚಿಸಿತು ಎಂಬ ಜಗಳ. ಆ ಜಗಳದಲ್ಲಿ ನನಗೆ ಆಸಕ್ತಿ ಕಡಿಮೆ, ಏಕೆಂದರೆ ಈ ಬೀಗವನ್ನು ಮಾಡಿಸಿದವರು ಒಬ್ಬರು, ಬಳಸುತ್ತಿರುವವರು ಇನ್ನೊಬ್ಬರು. ಮಾಹಿತಿ ತಂತ್ರಜ್ಞಾನ ಕಾಯ್ದೆಗೆ 66ಎ (ಆಕ್ಷೇಪಾರ್ಹ ಸಂದೇಶ ಕಳುಹಿಸುವುದನ್ನು ಅಪರಾಧವಾಗಿಸಿದ್ದು) ಮತ್ತು 69ಎ (ಇಂಟರ್‌ನೆಟ್ ಬರಹ, ವಿಡಿಯೊಗಳನ್ನು ತಡೆಯಲು ಕೇಂದ್ರಕ್ಕೆ ಅಧಿಕಾರ ಕೊಡುವುದು) ಸೆಕ್ಷನ್‌ಗಳು ಸೇರಿದ್ದು ಯುಪಿಎ ಸರ್ಕಾರವಿದ್ದಾಗ, 2008ರ ಡಿಸೆಂಬರ್‌ನಲ್ಲಿ ಸಂಸತ್ತು ಹೆಚ್ಚು ಕಡಿಮೆ ಚರ್ಚೆಯೇ ಇಲ್ಲದೆ ಅಂಗೀಕರಿಸಿದ ತಿದ್ದುಪಡಿಯಿಂದ. 2011ರಲ್ಲಿ ಕಂಪನಿಗಳನ್ನು ಕರೆಸಿ, ಬರಹಗಳನ್ನು ಪ್ರಕಟವಾಗುವ ಮೊದಲೇ ಸೋಸಿ ಎಂದವರು ಅಂದಿನ ಸಚಿವ ಕಪಿಲ್ ಸಿಬಲ್. ಅದೇ 69ಎ ಈಗ ಎನ್‌ಡಿಎ ಸರ್ಕಾರದ ಕೈಯಲ್ಲಿದೆ.

ತಡೆಯೇ ಬೇಡ ಎನ್ನುವವನು ನಾನಲ್ಲ. 2012ರ ಆಗಸ್ಟ್‌ನಲ್ಲಿ ವದಂತಿಗಳಿಗೆ ಬೆದರಿದ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬ್ಯಾಗು ಹೊತ್ತು ನಮ್ಮ ಬೆಂಗಳೂರಿನ ಸಿಟಿ ರೈಲು ನಿಲ್ದಾಣದಲ್ಲಿ ಗುವಾಹಟಿಯ ರೈಲಿಗೆ ಮುಗಿಬಿದ್ದದ್ದನ್ನು ಕಂಡವರು ಹಾಗೆ ಹೇಳಲಾರರು. ಆದರೆ ಆಗ ಕೇಂದ್ರ ನಿರ್ಬಂಧಿಸಿದ ಮುನ್ನೂರಕ್ಕೂ ಹೆಚ್ಚು ಕೊಂಡಿಗಳ ಪಟ್ಟಿಯಲ್ಲಿ, ವದಂತಿ ಸುಳ್ಳು ಎಂದು ಬಿಡಿಸಿ ಹೇಳಿದ ಬರಹಗಳೂ ಸೇರಿದ್ದವು. ಪಟ್ಟಿ ಹೊರಗೆ ಬಂದದ್ದರಿಂದ ಮಾತ್ರ ಆ ತಪ್ಪು ನಮಗೆ ತಿಳಿಯಿತು.

ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ 66ಎ ಸೆಕ್ಷನ್ ಅನ್ನು ರದ್ದುಪಡಿಸಿ, 69ಎ ಅನ್ನು ಉಳಿಸಿತು. ಕಾರಣಗಳನ್ನು ಲಿಖಿತವಾಗಿ ದಾಖಲಿಸಬೇಕು, ಹಾಗಾಗಿ ಆದೇಶವನ್ನು ರಿಟ್ ಅರ್ಜಿಯಲ್ಲಿ ಪ್ರಶ್ನಿಸಬಹುದು ಎಂಬುದು ಉಳಿಸಲು ಕೊಟ್ಟ ಕಾರಣಗಳಲ್ಲೊಂದು. ತತ್ವ ಸರಿ. ಆದರೆ 69ಎ ಜಾರಿಗೆಂದು ಮಾಡಿದ 2009ರ ನಿಯಮಗಳ 16ನೇ ನಿಯಮ ದೂರು ಮತ್ತು ಕ್ರಮ ಎರಡನ್ನೂ ಗೋಪ್ಯವಾಗಿಡಬೇಕು ಎನ್ನುತ್ತದೆ, 8ನೇ ನಿಯಮ ಬರೆದ ವ್ಯಕ್ತಿಗೆ ‘ಅಥವಾ’ ಅದನ್ನು ತೋರಿಸುವ ಮಧ್ಯವರ್ತಿ ಕಂಪನಿಗೆ ನೋಟಿಸ್ ಕೊಟ್ಟರೆ ಸಾಕು ಎನ್ನುತ್ತದೆ. ಆ ‘ಅಥವಾ’ದ ಮರೆಯಲ್ಲಿ ನೋಟಿಸ್ ಕಂಪನಿಗೆ ಹೋಗುತ್ತದೆ. ಬರೆದವನನ್ನು ಗುರುತಿಸಲು ಸಾಧ್ಯವಿದ್ದರೆ ಅವನಿಗೂ ನೋಟಿಸ್ ಹೋಗಬೇಕಲ್ಲವೇ ಎಂಬ ಅಭಿಪ್ರಾಯ 2025ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಪೀಠದಿಂದಲೇ ಮೌಖಿಕವಾಗಿ ಬಂತು.

ನೋಟಿಸ್ ಪಡೆದ ಕಂಪನಿ ನ್ಯಾಯಾಲಯಕ್ಕೆ ಹೋದರೆ ಏನಾಗುತ್ತದೆ ಎಂಬುದಕ್ಕೆ ಉತ್ತರ ನಮ್ಮ ಹೈಕೋರ್ಟಿನಲ್ಲೇ ಎರಡು ಬಾರಿ ಸಿಕ್ಕಿದೆ. 2023ರ ಜೂನ್ 30ರಂದು ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್ ಅವರು ಟ್ವಿಟರ್‌ನ ಅರ್ಜಿಯನ್ನು ₹50 ಲಕ್ಷ ದಂಡದೊಂದಿಗೆ ವಜಾಗೊಳಿಸಿದರು. ಗೃಹ ಸಚಿವಾಲಯದ ‘ಸಹಯೋಗ್’ ಪೋರ್ಟಲ್ ಮೂಲಕ ಅದೇ ಕಾಯ್ದೆಯ 79(3)(ಬಿ) (ಸರ್ಕಾರ ತಿಳಿಸಿದ ಮೇಲೂ ಅಕ್ರಮ ಬರಹ ತೆಗೆಯದ ಕಂಪನಿ ಕಾನೂನಿನ ರಕ್ಷಣೆ ಕಳೆದುಕೊಳ್ಳುತ್ತದೆ ಎನ್ನುವ ಸೆಕ್ಷನ್) ಅಡಿಯಲ್ಲಿ ಬರುವ ನೋಟಿಸ್‌ಗಳು 69ಎ ಸೆಕ್ಷನ್‌ನ ರಕ್ಷಣೆಗಳನ್ನು ಬದಿಗೊತ್ತುತ್ತವೆ ಎಂದು ಅದೇ ಟ್ವಿಟರ್ ಎಕ್ಸ್ ಕಾರ್ಪ್ ಎಂಬ ಹೊಸ ಹೆಸರಿನಲ್ಲಿ ಮತ್ತೆ ಬಂದಾಗ, 2025ರ ಸೆಪ್ಟೆಂಬರ್ 24ರಂದು ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು ಅದನ್ನೂ ವಜಾಗೊಳಿಸಿದರು. ಸಂವಿಧಾನದ 19ನೇ ವಿಧಿಯ ವಾಕ್ ಸ್ವಾತಂತ್ರ್ಯ ನಾಗರಿಕರದ್ದು, ವಿದೇಶಿ ಕಂಪನಿ ಅದನ್ನು ಕೇಳಲಾಗದು ಎಂಬುದು ಆ ತೀರ್ಪಿನ ಮುಖ್ಯ ನೆಲೆಗಳಲ್ಲೊಂದು. ವಿಧಿಯ ಅಕ್ಷರಕ್ಕೆ ಅದು ಸರಿಯೇ ಇರಬಹುದು. ಆದರೆ ಫಲಿತಾಂಶವನ್ನು ನೋಡಿ: ಆದೇಶದ ಪ್ರತಿ ಇರುವ ಕಂಪನಿಗೆ ಹಕ್ಕಿಲ್ಲ, ಹಕ್ಕಿರುವ ವಿಜಯನಗರದ ನನ್ನ ಕಕ್ಷಿದಾರರಿಗೆ ಪ್ರತಿ ಇಲ್ಲ.

ಸಹಯೋಗ್ ವಿರುದ್ಧ ಇಷ್ಟು ಕೂಗೆದ್ದ ಮೇಲೆ ಕೇಂದ್ರ ನಿಯಮ ತಿದ್ದಿ, 2025ರ ನವೆಂಬರ್ 15ರಿಂದ ಜಂಟಿ ಕಾರ್ಯದರ್ಶಿಗಿಂತ (ಆ ದರ್ಜೆಯವರು ಇಲ್ಲದಲ್ಲಿ ನಿರ್ದೇಶಕರಿಗಿಂತ) ಕೆಳಗಿನವರು, ಪೊಲೀಸರಲ್ಲಾದರೆ ಡಿಐಜಿಗಿಂತ ಕೆಳಗಿನವರು ಇಂಥ ಸೂಚನೆ ಕೊಡುವಂತಿಲ್ಲ ಎಂದಿತು. ಒಳ್ಳೆಯದೇ, ಆದರೆ ಸಹಿ ಮಾಡುವವರ ದರ್ಜೆ ಏರಿದ ಮಾತ್ರಕ್ಕೆ ಪ್ರತಿ ಕೈಗೆ ಬರುವುದಿಲ್ಲ.

ನಮ್ಮ ರಾಜ್ಯದವರೇನು ಕಡಿಮೆಯಿಲ್ಲ. ಕೇಂದ್ರದ ಸೆನ್ಸಾರ್‌ಶಿಪ್ ಅನ್ನು ಟೀಕಿಸುವ ಪಕ್ಷದ ಸರ್ಕಾರವೇ ಇಲ್ಲಿ ರೂಪಿಸಿದ, 2025ರ ಜೂನ್‌ನಲ್ಲಿ ಹೊರಬಿದ್ದ ಸುಳ್ಳು ಸುದ್ದಿ ಮಸೂದೆಯ ಕರಡಿನಲ್ಲಿ ಏಳು ವರ್ಷದವರೆಗೆ ಜೈಲು, ₹10 ಲಕ್ಷದವರೆಗೆ ದಂಡವಿತ್ತು. ಯಾವುದು ಸುಳ್ಳು ಎಂಬುದನ್ನು ನೋಡಿಕೊಳ್ಳುವ ಪ್ರಾಧಿಕಾರಕ್ಕೆ ಸಚಿವರೇ ಅಧ್ಯಕ್ಷರು. ಸಚಿವರ ಮೇಲಿನ ಟೀಕೆ ಸುಳ್ಳೋ ನಿಜವೋ ಎಂದು ಸಚಿವರೇ ತೀರ್ಮಾನಿಸುವ ಈ ಏರ್ಪಾಡು ಯಾರ ತಲೆಗೆ ಹೊಳೆಯಿತೋ ಕಾಣೆ.

ನನ್ನ ಬಳಿ ಬರುವವರಿಗೆ ನಾನು ಹೇಳುವುದಿಷ್ಟು. ವಿಡಿಯೊದ ಮೂಲ ಕಡತವನ್ನು ಅಳಿಸಬೇಡಿ, ಕಾಣೆಯಾದ ಪುಟವನ್ನು ದಿನಾಂಕ ಸಮೇತ ಸ್ಕ್ರೀನ್‌ಶಾಟ್ ತೆಗೆದಿಡಿ, ಆದೇಶ ಯಾವ ಸೆಕ್ಷನ್‌ನದು, ಯಾವ ಅಧಿಕಾರಿಯದು ಎಂದು ಕಂಪನಿಗೂ ಇಲಾಖೆಗೂ ಬರಹದಲ್ಲೇ ಕೇಳಿ. ವರದಕ್ಷಿಣೆಯ ಲೆಕ್ಕ ಹಾಕಿಕೊಡುವಂತೆ ನಟಿಸಿ ಆ ಪದ್ಧತಿಯನ್ನು ವಿಡಂಬಿಸಿದ್ದ ಜಾಲತಾಣವೊಂದನ್ನು ನಿರ್ಬಂಧಿಸಿದ ಪ್ರಕರಣದಲ್ಲಿ ದಿಲ್ಲಿ ಹೈಕೋರ್ಟ್ 2022ರಲ್ಲಿ, ಅದನ್ನು ನಡೆಸುವವರಿಗೆ ಆದೇಶದ ಪ್ರತಿ ಕೊಟ್ಟು ಅವರ ಅಹವಾಲು ಕೇಳಿ ಎಂದಿತ್ತು. ಗೋಪ್ಯತೆಯ ಗೋಡೆಯಲ್ಲಿ ಬಾಗಿಲಿದೆ ಎಂದು ತೋರಿಸಲು ನಾವು ಉಲ್ಲೇಖಿಸುವ ಆದೇಶ ಅದೇ.

ವಿಜಯನಗರದ ಕಕ್ಷಿದಾರರ ಅರ್ಜಿಯಲ್ಲಿ ಕೊನೆಗೆ ಪ್ರಾರ್ಥನೆಯ ಕ್ರಮವನ್ನೇ ಬದಲಿಸಿದೆವು. ಮೊದಲು, ಆದೇಶವಿದ್ದರೆ ಹಾಜರುಪಡಿಸಲು ಸೂಚಿಸಬೇಕು; ಆಮೇಲೆ, ಹಾಜರಾದದ್ದನ್ನು ರದ್ದುಪಡಿಸಬೇಕು. ಅನುಬಂಧ-ಎ ಜಾಗದಲ್ಲಿ ಆ ಎರಡು ಸಾಲಿನ ಇಮೇಲ್‌ನ ಮುದ್ರಿತ ಪ್ರತಿಯನ್ನೇ ಲಗತ್ತಿಸಿದೆವು.