12 ಪುಟ ಬರೆದರೂ 6 ಮಾರ್ಕ್ಸ್ ಯಾಕೆ ಸರ್?

ಪ್ರಶ್ನೆ: ಸರ್, ನಾನು ಬಿ.ಕಾಂ. ಓದ್ತಿದ್ದೀನಿ. ಅರ್ಥಶಾಸ್ತ್ರದ ಅಸೈನ್‌ಮೆಂಟ್ 12 ಪುಟ ಬರೆದೆ. ನನ್ನ ಫ್ರೆಂಡ್ ಬರೆದದ್ದು ಬರೀ 5 ಪುಟ. ಅವಳಿಗೆ 10ಕ್ಕೆ 9, ನನಗೆ 6. ಇದ್ಯಾವ ನ್ಯಾಯ?

ಈ ಪ್ರಶ್ನೆ ಪ್ರತಿ ಸೆಮಿಸ್ಟರ್ ಬರುತ್ತದೆ. ಪುಟದ ಲೆಕ್ಕ ಮಾತ್ರ ಬದಲಾಗುತ್ತದೆ. ಕಳೆದ ಸಲ 18 ಇತ್ತು.

ಮಾರ್ಕ್ಸ್ ಪುಟಕ್ಕಲ್ಲ ತಾಯಿ, ಪಾಯಿಂಟ್‌ಗೆ. 'ಬೇಡಿಕೆಯ ನಿಯಮ ವಿವರಿಸಿ' ಅಂತ 5 ಮಾರ್ಕ್ಸಿನ ಪ್ರಶ್ನೆ ತಗೋ. ಬೆಲೆ ಏರಿದರೆ ಜನ ಕೊಳ್ಳುವುದು ಕಡಿಮೆ ಆಗುತ್ತದೆ, ಇದೇ ಆ ನಿಯಮ. ತಿದ್ದಲು ಕೂರುವ ಮೊದಲೇ ನಾನು ಹಂಚಿಕೊಂಡಿರುತ್ತೇನೆ: ವ್ಯಾಖ್ಯೆಗೆ 1, ಬೆಲೆ-ಬೇಡಿಕೆಯ ಪಟ್ಟಿಗೆ 1, ರೇಖಾಚಿತ್ರಕ್ಕೆ 2, ಊಹೆಗಳಿಗೆ (ನಿಯಮ ಯಾವಾಗ ನಿಲ್ಲುತ್ತದೆ ಅನ್ನುವ ಷರತ್ತುಗಳಿಗೆ) 1. ಒಬ್ಬ ಹುಡುಗ ಇದಕ್ಕೆ 4 ಪುಟ ಬರೆದಿದ್ದ. ಮೊದಲ ಪುಟವೆಲ್ಲ 'ಅರ್ಥಶಾಸ್ತ್ರ ನಮ್ಮ ಜೀವನದಲ್ಲಿ ಬಹಳ ಮುಖ್ಯ'. ಎರಡನೆಯದರಲ್ಲಿ ಟೊಮೆಟೊ ರೇಟಿನ ಗೋಳು. ಚಿತ್ರದಲ್ಲಿ ರೇಖೆ ಎಡದಿಂದ ಬಲಕ್ಕೆ ಇಳಿದಿತ್ತು, ಸರಿ. ಆದರೆ ಅಕ್ಷಗಳಿಗೆ ಹೆಸರೇ ಇಲ್ಲ. ನಿಂತ ಗೆರೆ ಬೆಲೆಯೋ ಪ್ರಮಾಣವೋ, ನಾನೇ ಕಣಿ ಕೇಳಬೇಕು. 'ಇತರ ಅಂಶಗಳು ಬದಲಾಗದೆ ಇದ್ದಾಗ' ಅನ್ನುವ ಮಾತು 4 ಪುಟದಲ್ಲಿ ಎಲ್ಲೂ ಸಿಗಲಿಲ್ಲ. ಅದಿಲ್ಲದೆ ನಿಯಮವೇ ನಿಲ್ಲುವುದಿಲ್ಲ. ಬೆಲೆಯ ಜೊತೆ ಸಂಬಳವೂ ಏರಿದರೆ ಜನ ಕೊಳ್ಳುವುದು ಕಡಿಮೆ ಆಗಲೇಬೇಕು ಅಂತೇನಿಲ್ಲ, ಅಲ್ವಾ? ಅವನಿಗೆ ಬಂದದ್ದು 2. ಇನ್ನೊಬ್ಬಳು ಒಂದೂವರೆ ಪುಟದಲ್ಲಿ ಇಷ್ಟನ್ನೂ ಬರೆದು 5ಕ್ಕೆ 5 ತಗೊಂಡಳು.

ಸಾಲಿಗೆ ನಾಲ್ಕೇ ಪದ ಬರೆದು, ಮೂರು ಬೆರಳು ಜಾಗ ಬಿಟ್ಟು ಪುಟ ತುಂಬಿಸುವವರೂ ಇದ್ದಾರೆ. ನಮಗೆ ಗೊತ್ತಾಗಲ್ಲ ಅಂದ್ಕೊಂಡಿದ್ದೀರಾ? ನಾವೂ ಅದನ್ನೇ ಮಾಡಿ ಪಾಸಾದವರು.

ಹಾಗಂತ ಈ ನಂಬಿಕೆ ಸುಮ್ನೆ ಹುಟ್ಟಿದ್ದಲ್ಲ. ಒಂದೇ ರಾತ್ರಿ 70 ಅಸೈನ್‌ಮೆಂಟ್ ಮುಗಿಸುವ ಅವಸರದಲ್ಲಿ ದಪ್ಪ ನೋಡಿ 8 ಹಾಕಿದವರು ನಮ್ಮಲ್ಲೂ ಇದ್ದಾರೆ. ಜಗಳವೇ ಬೇಡ ಅಂತ ಎಲ್ಲರಿಗೂ 8 ಕೊಡುವವರೂ ಇದ್ದಾರೆ. ನನಗೆ ಸಿಟ್ಟು ಜಾಸ್ತಿ ಬರುವುದು ಇವರ ಮೇಲೆ. ಮಾರ್ಕ್ಸ್ ಎಲ್ಲಿ ಹೋಯ್ತು ಅಂತ ಮಾರ್ಜಿನ್‌ನಲ್ಲಿ ಒಂದು ಸಾಲು ಗೀಚಿದ್ದರೆ ನೀನು ಈ ಪ್ರಶ್ನೆ ಕೇಳುತ್ತಲೇ ಇರಲಿಲ್ಲ.

ನೀನು ಕೇಳಲಿಲ್ಲ, ಆದರೂ ಹೇಳುತ್ತೇನೆ. ಆ ಅಸೈನ್‌ಮೆಂಟನ್ನು ವಾಪಸ್ ಇಸಕೊಂಡು ನೋಡಿದೆಯಾ? ಇಲ್ಲ ತಾನೇ? ಸೆಮಿಸ್ಟರ್ ಪರೀಕ್ಷೆಯಲ್ಲೂ ಇದೇ ಕಥೆ. ರಿಸಲ್ಟ್ ಬಂದ ದಿನವೇ ರೀವ್ಯಾಲ್ಯುಯೇಷನ್‌ಗೆ ದುಡ್ಡು ಕಟ್ಟಲು ಓಡುತ್ತೀರಿ, ಪೇಪರ್ ಮಾತ್ರ ನೋಡುವುದಿಲ್ಲ. 2011ರ ಆಗಸ್ಟ್ 9ರಂದು ಸಿಬಿಎಸ್‌ಇ ಪ್ರಕರಣವೊಂದರಲ್ಲಿ ಪೇಪರ್ ನೋಡಬಹುದೋ ಇಲ್ಲವೋ ಅನ್ನುವುದನ್ನು ಸುಪ್ರೀಂ ಕೋರ್ಟ್ ಇತ್ಯರ್ಥ ಮಾಡಿದೆ. ತಿದ್ದಿದ ಉತ್ತರ ಪತ್ರಿಕೆಯೂ ಮಾಹಿತಿ ಹಕ್ಕು ಕಾಯ್ದೆಯಡಿ ಮಾಹಿತಿಯೇ. ಬರೆದವರು ಅದನ್ನು ನೋಡಬಹುದು, ಪ್ರತಿಯನ್ನೂ ಪಡೆಯಬಹುದು. ತಿದ್ದಿದವರ ಹೆಸರು ಮಾತ್ರ ಕೊಡುವುದಿಲ್ಲ. ಮರುಮೌಲ್ಯಮಾಪನ ಬೇರೆ ಮಾತು, ಅದು ಆಯಾ ವಿಶ್ವವಿದ್ಯಾಲಯದ ನಿಯಮದಂತೆ ನಡೆಯುತ್ತದೆ. ಅದರ ಕೊನೇ ದಿನ ಯಾವುದು ಅಂತ ನೋಡಿಕೊಂಡು, ಮೊದಲು ಝೆರಾಕ್ಸ್ ತರಿಸು. ಒಂದು ಉತ್ತರ ತಿದ್ದದೇ ಬಿಟ್ಟಿದ್ದರೆ, ಕೂಡಿದ್ದು ತಪ್ಪಿದ್ದರೆ ಅಲ್ಲೇ ಕಾಣುತ್ತದೆ.

ಸದ್ಯಕ್ಕೆ ನಿನ್ನ 12 ಪುಟ, ಅವಳ 5 ಪುಟ ಎರಡನ್ನೂ ಅಕ್ಕಪಕ್ಕ ಇಟ್ಟು ಓದು. ಅಕ್ಷಗಳಿಗೆ ಹೆಸರು ಬರೆದಿದ್ದೀಯಾ, ಅದನ್ನು ಮೊದಲು ನೋಡು.