ಬೀಚ್ ಬಾಯ್ಸ್ 'ಸನ್‌ಫ್ಲವರ್' ಆಲ್ಬಮ್ ಇಷ್ಟು ಚೆನ್ನಾಗಿದ್ರೂ ಆಗ ಯಾಕೆ ಓಡ್ಲಿಲ್ಲ?

ಮೈಸೂರಿನ ಓದುಗರೊಬ್ರು ಕೇಳಿದಾರೆ, ಹಳೇ ಇಂಗ್ಲಿಷ್ ಹಾಡಿನ ಹುಚ್ಚು ಇರೋರೆಲ್ಲ ಒಂದಲ್ಲ ಒಂದಿನ ಕೇಳೋ ಪ್ರಶ್ನೇನೇ ಇದು. ನಾನ್ ಹೇಳೋದಾದ್ರೆ ತಪ್ಪು ಹಾಡುಗಳದ್ದಲ್ಲ, ಆ ಹೊತ್ತಿಗೆ ಬ್ಯಾಂಡಿನ ಹೆಸರೇ ಔಟ್‌ಡೇಟೆಡ್ ಆಗೋಗಿತ್ತು.

ಬೀಚ್ ಬಾಯ್ಸ್ ಅಂದ್ರೆ 1961ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾದ ಗುಂಪು, ವಿಲ್ಸನ್ ಅಣ್ತಮ್ಮಂದ್ರು ಮೂರು ಜನ (ಬ್ರಯನ್, ಡೆನಿಸ್, ಕಾರ್ಲ್), ಅವ್ರ ಕಸಿನ್ ಮೈಕ್ ಲವ್, ಫ್ರೆಂಡ್ ಅಲ್ ಜಾರ್ಡೀನ್. ಪಟ್ಟೆ ಪಟ್ಟೆ ಶರ್ಟ್ ಹಾಕ್ಕೊಂಡು ಸಮುದ್ರ, ಸರ್ಫಿಂಗ್, ಕಾರು, ಹುಡ್ಗೀರು ಅಂತ ಹಾಡಿ ಫೇಮಸ್ ಆದ್ರು. 1967ರಲ್ಲಿ ಮಾಂಟೆರೆ ಪಾಪ್ ಅನ್ನೋ ದೊಡ್ಡ ಸಂಗೀತ ಫೆಸ್ಟಿವಲ್‌ಗೆ ಬರ್ತೀವಿ ಅಂದೋರು ಬರ್ಲಿಲ್ಲ, ಅದೇ ವರ್ಷ 'ಸ್ಮೈಲ್' ಆಲ್ಬಮ್ ಅರ್ಧಕ್ಕೇ ನಿಂತೋಯ್ತು, ಅಷ್ಟ್ರಲ್ಲಿ ಹುಡುಗ್ರೆಲ್ಲ ರಾಕ್ ಗಿಟಾರಿಸ್ಟ್ ಜಿಮಿ ಹೆಂಡ್ರಿಕ್ಸ್ ಕಡೆ ವಾಲಿದ್ರು. 1968ರ 'ಫ್ರೆಂಡ್ಸ್' ಆಲ್ಬಮ್ ಅಮೆರಿಕದ ಚಾರ್ಟಲ್ಲಿ, ಅಂದ್ರೆ ಮಾರಾಟದ ಪಟ್ಟೀಲಿ, 126ನೇ ಜಾಗಕ್ಕೇ ನಿಂತಾಗ್ಲೇ ಗಾಳಿ ಯಾವ ಕಡೆ ಬೀಸ್ತಿದೆ ಅಂತ ಗೊತ್ತಾಗಿತ್ತು.

ಆಮೇಲೆ ಕ್ಯಾಪಿಟಲ್ ರೆಕಾರ್ಡ್ ಕಂಪನಿ ಬಿಟ್ಟು ವಾರ್ನರ್ ಅವ್ರ ರಿಪ್ರೀಸ್ ಲೇಬಲ್‌ಗೆ ಬಂದ್ರು, ಅಲ್ಲಿ ಇವ್ರು ಕೊಟ್ಟ ಮೊದಲ ಹಾಡಿನ ಲಿಸ್ಟನ್ನ ಒಪ್ದೆ ವಾಪಸ್ ಕಳ್ಸಿ, ಹಾಡು ಬದಲಾಯ್ಸಿ ಬದಲಾಯ್ಸಿ ಕೊನೆಗೆ 1970ರ ಆಗಸ್ಟ್ 31ಕ್ಕೆ 'ಸನ್‌ಫ್ಲವರ್' ಬಂತು. ಅಮೆರಿಕದ ಚಾರ್ಟಲ್ಲಿ 151ನೇ ಜಾಗ. ನೂರಾ ಐವತ್ತೊಂದು ಕಣ್ರೀ! ಬ್ರಿಟನ್ನಲ್ಲಿ ಪರ್ವಾಗಿಲ್ಲ, 29ರವರೆಗೂ ಹೋಯ್ತು. ರೋಲಿಂಗ್ ಸ್ಟೋನ್ ಪತ್ರಿಕೆ ಹೊಗಳೇ ಬರೀತು, ಆದ್ರೆ ಓದೋರೆಲ್ಲ ಅಂಗ್ಡಿಗೆ ಹೋಗಿ ತಗೋಬೇಕಲ್ಲ. ನಮ್ಮಲ್ಲಿ ದಸರಾ ಆರ್ಕೆಸ್ಟ್ರಾದಲ್ಲಿ ಹಳೇ ಹಿಟ್ ಬಿಟ್ಟು ಹೊಸ ಹಾಡು ಶುರು ಮಾಡಿದ್ರೆ ಜನ ಎದ್ದು ಚುರುಮುರಿ ಗಾಡಿ ಕಡೆ ಹೋಗ್ತಾರಲ್ಲ, ಅದೇ ಕಥೆ.

ಸರಿ, ಒಳಗೇನಿದೆ? 'ದಿಸ್ ಹೋಲ್ ವರ್ಲ್ಡ್' ಅಂತ ಬ್ರಯನ್ ಬರ್ದಿರೋ ಹಾಡು, ಎರಡು ನಿಮಿಷಾನೂ ಇಲ್ಲ, ಅಷ್ಟ್ರಲ್ಲೇ ಶ್ರುತಿ ಎಷ್ಟ್ ಸಲ ಬದಲಾಗತ್ತೆ ಅಂದ್ರೆ ಲೆಕ್ಕ ಹಿಡಿಯೋಕೆ ಹೋದ್ರೆ ಹಾಡು ಮುಗ್ದಿರತ್ತೆ, ಆದ್ರೆ ತಮ್ಮ ಕಾರ್ಲ್ ಹಾಡೋದು ಕೇಳಿದ್ರೆ ಒಂದು ಕಡೇನೂ ಎಡವಿದ ಹಾಗೆ ಅನ್ಸಲ್ಲ. ಇನ್ನೊಂದು ಡ್ರಮ್ಮರ್ ಡೆನಿಸ್‌ನ 'ಫಾರೆವರ್', ಗೆಳೆಯ ಗ್ರೆಗ್ ಜೇಕಬ್ಸನ್ ಜೊತೆ ಸೇರಿ ಬರ್ದು ತಾನೇ ಹಾಡಿರೋದು, ಸ್ವಲ್ಪ ಒರಟು ಗಂಟಲು, ಹಿಂದೆ ಅಣ್ತಮ್ಮಂದ್ರ ದನಿಗಳು ಒಂದೊಂದಾಗಿ ಮೇಲೇಳ್ತಾ ಬರ್ತವೆ. ಅವ್ನು ಬರೀ ಡ್ರಮ್ ಬಾರಿಸೋನು ಅಂದ್ಕೊಂಡೋರು ಇದೊಂದು ಕೇಳಿ ಸಾಕು. 'ಟಿಯರ್ಸ್ ಇನ್ ದ ಮಾರ್ನಿಂಗ್' ಮಾತ್ರ ನನಗೆ ಸಕ್ಕರೆ ಜಾಸ್ತಿ, ಸ್ಕಿಪ್ ಮಾಡ್ತೀನಿ.

ತಮಾಷೆ ಏನಪ್ಪಾ ಅಂದ್ರೆ ಮಾರನೇ ವರ್ಷದ 'ಸರ್ಫ್ಸ್ ಅಪ್' ಅಮೆರಿಕದಲ್ಲಿ 29ಕ್ಕೆ ಏರ್ತು. ಅದ್ರಲ್ಲಿ ನೀರು ಕೆಡ್ತಿದೆ, ಸ್ಟೂಡೆಂಟ್ಸ್ ಗಲಾಟೆ ಅಂತ ಆ ಕಾಲದ ವಿಷಯ ಇತ್ತು, 'ಸನ್‌ಫ್ಲವರ್'ನಲ್ಲಿ ಜಾಸ್ತಿ ಪ್ರೀತಿ, ಸಂಸಾರ, ಖುಷಿ. ಒಟ್ಟಾರೆ 'ಸನ್‌ಫ್ಲವರ್' ಆಲ್ಬಮ್ಮೇ ಮೇಲು ಅಂತ ನನ್ ವಾದ, ಜಗಳಕ್ಕೆ ರೆಡಿ.

2003ರಲ್ಲಿ ರೋಲಿಂಗ್ ಸ್ಟೋನ್ ಮಾಡಿದ 500 ಆಲ್ಬಮ್‌ಗಳ ಪಟ್ಟೀಲಿ ಇದು 380ನೇದು. 2021ರಲ್ಲಿ ಆ ಕಾಲದ ರೆಕಾರ್ಡಿಂಗ್ ಎಲ್ಲಾ ಸೇರ್ಸಿ 'ಫೀಲ್ ಫ್ಲೋಸ್' ಅಂತ ದೊಡ್ಡ ಬಾಕ್ಸ್ ಸೆಟ್ಟೇ ತಂದ್ರು, ಆದ್ರೆ ಹೊಸಬ್ರು ಅದಕ್ಕೆ ಕೈ ಹಾಕೋದು ಬೇಡ, ಮೊದ್ಲು ಮೂಲ ಆಲ್ಬಮ್‌ನ ಹನ್ನೆರಡು ಹಾಡು ಇಯರ್‌ಫೋನ್ ಹಾಕ್ಕೊಂಡು ಕೇಳ್ಬಿಡಿ.