ಡೀಸೆಲ್ ಸೋರ್ತಿಲ್ಲ, ಹಾಗಾದ್ರೆ ಪೈಪ್ ಸರಿ ಇದೆಯಾ?

ಹೋದ ವಾರ ಭೀಮಸಮುದ್ರದ ಕಡೆಯ ಯಜಮಾನರೊಬ್ಬರು ಗ್ಯಾರೇಜಿಗೆ ಬಂದರು. ಕೈಯಲ್ಲಿ ಗೋಣಿಚೀಲ. ಚೀಲದೊಳಗೆ ಜೀಪಿನ ಡೀಸೆಲ್ ಪಂಪು. ಜೀಪ್ ಎಲ್ಲಿ ಅಂತ ಕೇಳಿದೆ. ತೋಟದಲ್ಲಿದೆ ಅಂದರು. "ಏರಲ್ಲಿ ಆಫ್ ಆಗ್ತೈತೆ ತಮ್ಮಾ, ಪಂಪ್ ಹೋಗೈತೆ, ದಾವಣಗೆರೆಗೆ ಕಳಿಸಿ ಮಾಡಿಸ್ಕೊಡು." ಪಂಪ್ ಹೋಗಿದೆ ಅಂತ ಹೇಳಿದ್ದು ಯಾರು? ಅವರ ಟ್ರ್ಯಾಕ್ಟರ್ ಓಡಿಸೋ ಹುಡುಗ. ಅವನಿಗೆ ಯಾರು ಹೇಳಿದರು ಅಂತ ನಾನು ಕೇಳಲಿಲ್ಲ.

ಚಿತ್ರದುರ್ಗದಲ್ಲಿ ಹಳೆ ಜೀಪ್ ಇಟ್ಟುಕೊಂಡವರು ಇನ್ನೂ ಬೇಕಾದಷ್ಟು ಜನ ಇದ್ದಾರೆ. ಅಡಿಕೆ ತೋಟದವರು, ಗಾಳಿಯಂತ್ರದ ಬೆಟ್ಟಕ್ಕೆ ಸಾಮಾನು ಹೊರುವವರು, ಸುಮ್ನೆ ಪ್ರೀತಿಗೆ ಇಟ್ಟುಕೊಂಡವರು. ಎಲ್ಲರ ದೂರೂ ಒಂದೇ. ಪೇಟೆಯಲ್ಲಿ ಚೆನ್ನಾಗಿ ಓಡುತ್ತದೆ. ನಾಲ್ಕು ಜನ ಕೂತು ಜೋಗಿಮಟ್ಟಿ ರಸ್ತೆಯ ಏರಿಗೆ ಬಂದರೆ ಎಳೆತ ಬಿಡುತ್ತದೆ, ಕೆಮ್ಮಿ ಕೆಮ್ಮಿ ನಿಲ್ಲುತ್ತದೆ, ಹತ್ತು ನಿಮಿಷ ಬಿಟ್ಟರೆ ಏನೂ ಆಗಿಲ್ಲ ಅನ್ನೋ ಹಾಗೆ ಮತ್ತೆ ಸ್ಟಾರ್ಟ್ ಆಗುತ್ತದೆ. ಎಲ್ಲರ ತೀರ್ಪೂ ಒಂದೇ, ಪಂಪ್ ಹೋಗಿದೆ.

ಪಂಪ್ ಹೋಗಲ್ಲ ಅಂತ ನಾನು ಹೇಳ್ತಿಲ್ಲ, ಹೋಗುತ್ತದೆ. ಆದರೆ ನನ್ನ ಕೈಗೆ ಬಂದ ಇಂಥ ಗಾಡಿಗಳಲ್ಲಿ ಹೆಚ್ಚಿನವು ಪಂಪಿಗೆ ಡೀಸೆಲ್ ತಲುಪದೆ ನಿಂತವು. ಬಾವಿಯಲ್ಲಿ ನೀರಿಲ್ಲದಿದ್ದರೆ ಮೋಟಾರ್ ರಿಪೇರಿ ಮಾಡಿಸಿ ಏನು ಸಿಗುತ್ತದೆ?

"ನಿಂತಲ್ಲಿ ಚೆನ್ನಾಗೇ ಓಡುತ್ತಲ್ಲ?" ಅಂತ ಕೇಳುತ್ತಾರೆ. ಓಡುತ್ತದೆ. ಮಹೀಂದ್ರಾದ ಹಳೆ ಜೀಪ್ ಎಂಎಂ 540 ತಗೊಳ್ಳಿ, ಅದರಲ್ಲಿರೋದು ಪ್ಯೂಜೋ ಮೂಲದ 2,112 ಸಿಸಿ ಡೀಸೆಲ್ ಇಂಜಿನ್. ಅಷ್ಟು ದೊಡ್ಡ ಇಂಜಿನ್ನಿಗೆ ನಿಂತಲ್ಲಿ ಓಡೋಕೆ ಗಂಟೆಗೆ ಒಂದು ಲೀಟರ್ ಕೂಡ ಬೇಕಾಗಲ್ಲ. ಪೂರ್ತಿ ಲೋಡಲ್ಲಿ ಏರು ಹತ್ತುವಾಗ ಅದೇ ಇಂಜಿನ್ ಗಂಟೆಗೆ 10 ಲೀಟರಿಗೂ ಮೇಲೆ ಕೇಳುತ್ತದೆ. ಅರ್ಧ ಕಟ್ಟಿದ ಪೈಪು ಮೊದಲನೆಯದಕ್ಕೆ ಧಾರಾಳ ಸಾಕು, ಎರಡನೆಯದಕ್ಕೆ ಸಾಲದು. ಜೊತೆಗೆ ಟ್ಯಾಂಕ್ ಹಿಂದಿರುವ ಗಾಡಿ ಮೂತಿ ಎತ್ತಿದಾಗ ಟ್ಯಾಂಕ್ ಇನ್ನೂ ಕೆಳಗಾಗುತ್ತದೆ, ಎಳೆಯೋದು ಇನ್ನೂ ಕಷ್ಟ.

ಈಗ ನನ್ನ ತಲೆ ತಿನ್ನೋ ಮಾತಿಗೆ ಬರ್ತೀನಿ. ಪೈಪ್ ನೋಡೋಣ ಅಂದರೆ ಸಾಕು, "ಒಂದು ಹನಿ ಸೋರ್ತಿಲ್ಲ, ಪೈಪ್ ಸರಿ ಇದೆ" ಅಂತಾರೆ. ಇದನ್ನು ಸಾವಿರ ಸಲ ಕೇಳಿದ್ದೀನಿ.

ದೊಡ್ಡ ಪಂಪಿಗೆ ಡೀಸೆಲ್ ತಂದುಕೊಡೋ ಸಣ್ಣ ಪಂಪು ಇನ್ನೊಂದಿದೆ, ಅದೇ ಫೀಡ್ ಪಂಪ್. ಟ್ಯಾಂಕಿನಿಂದ ಫೀಡ್ ಪಂಪಿನವರೆಗೆ ಡೀಸೆಲನ್ನು ಯಾರೂ ತಳ್ಳುವುದಿಲ್ಲ, ಫೀಡ್ ಪಂಪ್ ಎಳೆದುಕೊಳ್ಳುತ್ತದೆ. ಎಳನೀರಿಗೆ ಸ್ಟ್ರಾ ಹಾಕಿ ಕುಡಿಯೋದಿಲ್ವಾ, ಹಾಗೆ. ಆ ಸ್ಟ್ರಾದ ಮೇಲ್ಭಾಗದಲ್ಲಿ ಒಂದು ಸಣ್ಣ ಸೀಳಿದ್ದರೆ ಎಳನೀರು ಅಂಗಿ ಮೇಲೆ ಸೋರುತ್ತದಾ? ಇಲ್ಲ. ಬಾಯಿಗೆ ಗಾಳಿ ಬರುತ್ತದೆ, ಎಳನೀರು ಸರಿಯಾಗಿ ಬರುವುದಿಲ್ಲ. ಮೆಲ್ಲಗೆ ಹೀರಿದರೆ ಸ್ವಲ್ಪ ಬರುತ್ತದೆ, ಜೋರಾಗಿ ಹೀರಿದಷ್ಟೂ ಗಾಳಿಯೇ ಜಾಸ್ತಿ. ನಿಮ್ಮ ಜೀಪ್ ಏರಲ್ಲಿ ಮಾಡೋದು ಇದನ್ನೇ, ಜೋರಾಗಿ ಹೀರೋದು. ಫೀಡ್ ಪಂಪ್ ದಾಟಿದ ಮೇಲೆ ಒತ್ತಡ ಇರುತ್ತದೆ, ಅಲ್ಲಿ ತೂತಾದರೆ ಹೊರಗೆ ಸೋರುತ್ತದೆ. ಎಳೆಯೋ ಕಡೆ ತೂತಾದರೆ ಗಾಳಿ ಒಳಗೆ ಹೋಗುತ್ತದೆ, ಹೊರಗೆ ಪೈಪು ಒಣಗಿಯೇ ಇರುತ್ತದೆ. ಕೆಲವು ಗಾಡಿಗಳಲ್ಲಿ ಬೇರೆ ಫೀಡ್ ಪಂಪೇ ಇರಲ್ಲ, ಅಲ್ಲಿ ಫಿಲ್ಟರ್ ಕೂಡ ಎಳೆಯೋ ಕಡೆಗೇ ಸೇರುತ್ತದೆ, ಹಾಗಾಗಿ ಮೊದಲು ನಿಮ್ಮ ಗಾಡಿಯ ಲೈನು ಹೇಗೆ ಹೋಗಿದೆ ನೋಡಿಕೊಳ್ಳಿ.

ಇನ್ನೊಂದು ಕಾಟ ಅಗ್ಗದ ರಬ್ಬರ್ ಪೈಪು. ಹೊರಗೆ ಹೊಳೆಯುತ್ತಿರುತ್ತದೆ, ಬಿಸಿಯಾಗಿ ಮೆತ್ತಗಾದಾಗ ಎಳೆತಕ್ಕೆ ಒಳಗೇ ಚಪ್ಪಟೆಯಾಗುತ್ತದೆ. ಗಾಡಿ ನಿಂತ ಮೇಲೆ ಮತ್ತೆ ದುಂಡಗೆ. "ಮೊನ್ನೆ ತಾನೇ ಹೊಸ ಪೈಪ್ ಹಾಕಿಸಿದೀನಿ" ಅಂದವರ ಗಾಡಿಯಲ್ಲಿ ನಾನು ಮೊದಲು ನೋಡೋದು ಆ ಹೊಸ ಪೈಪನ್ನೇ.

ಟ್ಯಾಂಕಿನ ಮುಚ್ಚಳದ್ದೂ ಇದೇ ಕತೆ. 2022ರಲ್ಲಿ ಮಾರಿಕಣಿವೆ, ಅಂದ್ರೆ ವಾಣಿವಿಲಾಸ ಸಾಗರ ಅಣೆಕಟ್ಟು, ಕೋಡಿ ಬಿತ್ತಲ್ಲ, 1933ರ ನಂತರ ಅದೇ ಮೊದಲು, ನೋಡೋಕೆ ಜಾತ್ರೆ ಥರ ಜನ. ಹೊಸದುರ್ಗದ ಕಡೆಯಿಂದ ಒಬ್ಬರು ಮನೆಮಂದಿಯನ್ನೆಲ್ಲ ಜೀಪಲ್ಲಿ ತುಂಬಿಕೊಂಡು ಹೊರಟವರು ದಾರಿಯಲ್ಲಿ ಮೂರು ಸಲ ನಿಂತರು. ಆಗಲೇ ಅವರು ಪಂಪ್ ಮಾಡಿಸಿದ್ದರು, ಇಂಜಿನ್ನಿಗೆ ಡೀಸೆಲ್ ಚಿಮ್ಮಿಸೋ ನಾಜಲ್ ಮಾಡಿಸಿದ್ದರು, ಅರ್ಧ ಚೀಲ ಅಡಿಕೆ ದುಡ್ಡು ಹೋಗಿತ್ತು. ನಾನು ಹೋಗಿ ನೋಡಿದರೆ ಮಳೆನೀರು ಹೋಗಬಾರದು ಅಂತ ಡೀಸೆಲ್ ಮುಚ್ಚಳಕ್ಕೆ ಪ್ಲಾಸ್ಟಿಕ್ ಕವರ್ ಸುತ್ತಿ ದಾರ ಬಿಗಿದಿದ್ದರು! ಟ್ಯಾಂಕಿಗೆ ಗಾಳಿ ಹೋಗಲು ದಾರಿಯೇ ಇಲ್ಲ. ಡೀಸೆಲ್ ಖಾಲಿಯಾದಷ್ಟು ಜಾಗಕ್ಕೆ ಗಾಳಿ ಬರಬೇಕಲ್ವಾ? ದಾರ ಬಿಚ್ಚಿದಾಗ ಸುಯ್ ಅಂತು. ಅವರ ವಯಸ್ಸಾದ ತಾಯಿ ಹಿಂದಿನ ಸೀಟಲ್ಲಿ ಕೂತು ಮಗನಿಗೆ ಬೈದ ಬೈಗುಳ ಇಲ್ಲಿ ಬರೆಯೋಕಾಗಲ್ಲ. ನನಗೆ ಮಾತ್ರ ಮಂಡಕ್ಕಿ ಕೊಟ್ಟರು.

ಮನೆಯಲ್ಲೇ ನೋಡಬೇಕು ಅಂದರೆ ಮೊದಲು ಗಾಡಿ ಹೇಗೆ ನಿಲ್ಲುತ್ತದೆ ಗಮನಿಸಿ. ಕೀ ತೆಗೆದ ಹಾಗೆ ಫಟ್ ಅಂತ ನಿಂತರೆ, ಸೊಲೆನಾಯ್ಡ್ (ಕೀ ತಿರುಗಿಸಿದಾಗ ಡೀಸೆಲ್ ಬಿಡೋ, ನಿಲ್ಲಿಸೋ ಕರೆಂಟಿನ ವಾಲ್ವ್) ಇರುವ ಗಾಡಿಯಾದರೆ, ಅದರ ವೈರ್ ನೋಡಿ. ಕಪ್ಪು ಹೊಗೆ ಕಕ್ಕುತ್ತಾ ಸೋತರೆ ಏರ್ ಕ್ಲೀನರ್ ಕಡೆ ಹೋಗಿ. ಹೊಗೆ ಇಲ್ಲದೆ ಎಳೆತ ಮಾತ್ರ ಕರಗುತ್ತಾ ಹೋದರೆ ಡೀಸೆಲ್ ಸಾಲುತ್ತಿಲ್ಲ. ಫಿಲ್ಟರ್ ಬದಲಿಸಿ, ಟ್ಯಾಂಕ್ ಒಳಗಿನ ಜಾಲರಿ ನೋಡಿ. ಡ್ರಮ್ಮಿನ ಡೀಸೆಲ್ ಹಾಕುವವರ ಟ್ಯಾಂಕಲ್ಲಿ ನಾನು ಕಾಣದ್ದಿಲ್ಲ, ಕೆಮ್ಮಣ್ಣು, ಗೋಣಿ ನಾರು, ಒಮ್ಮೆ ಬೀಡಿ ಕಟ್ಟಿನ ಕಾಗದ. ಕಸ ಜಾಲರಿಗೆ ಅಂಟುತ್ತದೆ, ಇಂಜಿನ್ ನಿಂತಾಗ ಬಿಟ್ಟು ಕೆಳಗಿಳಿಯುತ್ತದೆ. ಹತ್ತು ನಿಮಿಷದ ಪವಾಡ ಎಷ್ಟೋ ಸಲ ಅಷ್ಟೇ.

ಆಮೇಲೂ ಗೊತ್ತಾಗದಿದ್ದರೆ ಕ್ಯಾನ್ ಪರೀಕ್ಷೆ. ಟ್ಯಾಂಕಿನ ಲೈನ್ ಬಿಚ್ಚಿ, ಶುದ್ಧ ಡೀಸೆಲ್ ಇರುವ ಐದು ಲೀಟರ್ ಕ್ಯಾನಿನಿಂದ ನೇರ ಫೀಡ್ ಪಂಪಿಗೆ ಪಾರದರ್ಶಕ ಪೈಪು ಕೊಡಿ. ಮಿಕ್ಕ ಡೀಸೆಲ್ ವಾಪಸ್ ತರೋ ರಿಟರ್ನ್ ಪೈಪನ್ನೂ ಕ್ಯಾನಿಗೇ ಬಿಡಿ. ಕ್ಯಾನನ್ನು ಬಾನೆಟ್ ಮೇಲೆ ಇಡಬೇಡಿ, ಮೇಲಿದ್ದರೆ ಡೀಸೆಲ್ ತಾನೇ ಇಳಿಯುತ್ತದೆ, ಸೋತ ಫೀಡ್ ಪಂಪಿನ ತಪ್ಪು ಮುಚ್ಚಿಹೋಗುತ್ತದೆ. ಪಕ್ಕದವರ ಕಾಲ ಬಳಿ ಗಟ್ಟಿಯಾಗಿ ಕಟ್ಟಿ, ಅದೇ ಏರು ಹತ್ತಿಸಿ. ಹತ್ತಿತು ಅಂದರೆ ರೋಗ ಹಿಂದಿನ ಲೈನು ಇಲ್ಲವೇ ಟ್ಯಾಂಕಿನಲ್ಲಿ. ಹತ್ತಲಿಲ್ಲ ಅಂದರೂ ತಕ್ಷಣ ಪಂಪ್ ಬಿಚ್ಚಬೇಡಿ, ಗೊತ್ತಿರುವವರಿಗೆ ತೋರಿಸಿ. ಇದು ಡೀಸೆಲ್ ಗಾಡಿಗೆ ಮಾತ್ರ. ಪೆಟ್ರೋಲ್ ಗಾಡಿಯಲ್ಲಿ ಈ ಸಾಹಸ ಖಂಡಿತ ಬೇಡ, ಬೆಂಕಿ ಹತ್ತುತ್ತದೆ.

ನಾನೂ ಮೊದಲು ಹೀಗೇ ಮಾಡಿದವನು. ಗ್ಯಾರೇಜ್ ಶುರು ಮಾಡಿದ ಹೊಸದರಲ್ಲಿ ಒಂದು ಜೀಪಿನ ಪಂಪನ್ನು ಎರಡು ಸಲ ಕ್ಯಾಲಿಬ್ರೇಷನ್ನಿಗೆ, ಅಂದ್ರೆ ಡೀಸೆಲ್ ಅಳತೆ ಸರಿಮಾಡಿಸೋಕೆ, ಕಳಿಸಿದ್ದೆ. ಎರಡನೇ ಸಲ ಅಲ್ಲಿನ ಹಿರಿಯರು ಫೋನ್ ಮಾಡಿ, "ಪಂಪಿಗೆ ಏನೂ ಆಗಿಲ್ಲ ಮಾರಾಯ, ನಿನ್ನ ಗಾಡಿ ನೋಡ್ಕೋ" ಅಂದರು. ತಪ್ಪು ಇದ್ದದ್ದು ಬಂಜೋ ಬೋಲ್ಟಿನ, ಅಂದ್ರೆ ಡೀಸೆಲ್ ಪೈಪ್ ಕೂಡಿಸೋ ತೂತಿನ ಬೋಲ್ಟಿನ, ಕಾಪರ್ ವಾಷರಲ್ಲಿ.

ಗೋಣಿಚೀಲದ ಯಜಮಾನರಿಗೆ ಪಂಪ್ ವಾಪಸ್ ಕೊಟ್ಟು, ಜೀಪ್ ತನ್ನಿ ಅಂದೆ. ಮಾರನೇ ದಿನ ಟ್ರ್ಯಾಕ್ಟರಿಗೆ ಕಟ್ಟಿ ಎಳೆಸಿಕೊಂಡು ಬಂದರು. ಪಂಪ್ ಕೂರಿಸುವ ಮುಂಚೆ ಆ ಹುಡುಗನನ್ನು ಕೇಳಿದೆ, ಬಿಚ್ಚುವಾಗ ಟೈಮಿಂಗ್ ಗುರುತು, ಅಂದ್ರೆ ಪಂಪ್ ಇಂಜಿನ್ನಿಗೆ ಸರಿಯಾಗಿ ಕೂಡೋ ಗುರುತು, ಹಾಕಿದ್ದೀಯಾ ಅಂತ. "ಅದೇನಣ್ಣಾ?" ಅಂದ. ಟೈಮಿಂಗ್ ಕೂಡಿಸುವಷ್ಟರಲ್ಲಿ ಮಧ್ಯಾಹ್ನದ ಊಟ ತಪ್ಪಿತು. ಸಂಜೆ ಪಾರದರ್ಶಕ ಪೈಪ್ ಹಾಕಿ ಏರಿಗೆ ಹೋದರೆ ಡೀಸೆಲಲ್ಲಿ ಗಾಳಿಗುಳ್ಳೆ ಸಾಲು ಸಾಲು. ಟ್ಯಾಂಕಿನ ಬಳಿ ಕ್ಲಿಪ್ಪಿನ ಕೆಳಗೆ ಗೇಣುದ್ದದ ರಬ್ಬರು ಸೀಳಿತ್ತು, ಮುಟ್ಟಿದರೆ ಒಣ ಒಣ. ಬದಲಿಸಲು ಹತ್ತು ನಿಮಿಷ ಹಿಡಿಯಿತು. ಯಜಮಾನರು ಹಳೆ ತುಂಡನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿ, "ಆದ್ರೂ ಒಂದ್ ಹನಿ ಸೋರಿರಲಿಲ್ಲ ಕಣಪ್ಪಾ" ಅಂದರು.